ಸರ್ಕಾರದ ಅಕ್ಕಿ ಉಂಡವರು ಸರ್ಕಾರವನ್ನು ಪ್ರಶ್ನಿಸಬಾರದಾ?

ಪ್ರಶ್ನೆ: ನನ್ನ ತಾಯಿಗೆ 71 ವರ್ಷ. ಜೀವನಪೂರ್ತಿ ಕೂಲಿ ಮಾಡಿದವರು, ಬೆರಳಿನ ಗೆರೆಗಳು ಸವೆದುಹೋಗಿವೆ. ಬಿಪಿಎಲ್ ಕಾರ್ಡಿನಲ್ಲಿ ಅವರೊಬ್ಬರದೇ ಹೆಸರಿದೆ. ಎರಡು ತಿಂಗಳಿಂದ ನ್ಯಾಯಬೆಲೆ ಅಂಗಡಿಯ ಮಷೀನು ಅವರ ಹೆಬ್ಬೆಟ್ಟು ತೆಗೆದುಕೊಳ್ಳುತ್ತಿಲ್ಲ. ಸೆರಗಿನಲ್ಲಿ ಬೆರಳು ಒರೆಸಿ, ಎಣ್ಣೆ ಹಚ್ಚಿ, ಹತ್ತೂ ಬೆರಳು ಇಟ್ಟು ನೋಡಿದ್ದಾಯಿತು. ಅಕ್ಕಿ ಕೊಟ್ಟಿಲ್ಲ. ಕೇಳಲು ಹೋದರೆ ಅಂಗಡಿಯವರು, "ಪುಕ್ಕಟೆ ತಗೊಳ್ಳೋರು ಇಷ್ಟೆಲ್ಲ ಮಾತಾಡಬಾರದು" ಅಂದರು. ಮನೆಯಲ್ಲಿ ಅಣ್ಣನದು ಬೇರೆ ರಾಗ. "ಸರ್ಕಾರದ ಮುಂದೆ ಕೈ ಚಾಚಿದ ಮೇಲೆ ಸ್ವಾತಂತ್ರ್ಯ ಎಲ್ಲಿಂದ ಬಂತು? ಈ ಗ್ಯಾರಂಟಿಗಳೆಲ್ಲ ಜನರನ್ನು ಗುಲಾಮರನ್ನಾಗಿ ಮಾಡೋಕೆ" ಅನ್ನುತ್ತಾನೆ. ನಿಜಕ್ಕೂ ಹಾಗೇನಾ?
— ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಹಾಗಲ್ಲ. ಅಕ್ಕಿ ತೆಗೆದುಕೊಂಡ ಮಾತ್ರಕ್ಕೆ ನಿಮ್ಮ ತಾಯಿ ಯಾವ ಹಕ್ಕನ್ನೂ ಬಿಟ್ಟುಕೊಟ್ಟಿಲ್ಲ. ಹಾಗಂತ ನಿಮ್ಮ ಅಣ್ಣನ ಮಾತನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಅವರಿಗಿರುವ ಭಯಕ್ಕೆ ಕಾರಣಗಳಿವೆ, ಆಮೇಲೆ ಹೇಳುತ್ತೇನೆ. ಸರ್ಕಾರ ಏನೇನು ಕೊಡುತ್ತದೆ ಎಂದು ಲೆಕ್ಕ ಹಾಕಿದರೆ ಈ ವಿಷಯ ಬಗೆಹರಿಯುವುದಿಲ್ಲ. ಕೊಟ್ಟದ್ದನ್ನು ತನಗೆ ಇಷ್ಟ ಬಂದಾಗ, ಕಾರಣ ಹೇಳದೆ ನಿಲ್ಲಿಸುವ ಅಧಿಕಾರ ಅದಕ್ಕೆ ಇದೆಯಾ? ಕೇಳಬೇಕಾದ್ದು ಇದನ್ನು.

ಮೊದಲು ಅಂಗಡಿಯವರ ಮಾತಿಗೆ ಬರೋಣ. ಉಂಡ ಮನೆಯ ಜಂತೆ ಎಣಿಸಬಾರದು ಅನ್ನುವ ಗಾದೆ ನಮ್ಮಲ್ಲಿ ಎಷ್ಟು ಬೇರೂರಿದೆ ಅಂದರೆ, ಸರ್ಕಾರವನ್ನೂ ಊಟ ಹಾಕಿದ ನೆಂಟರ ಹಾಗೆ ನೋಡುತ್ತೇವೆ. ಇಲ್ಲಿ ಮನೆ ಯಾರದು ಹೇಳಿ? ನಿಮ್ಮ ತಾಯಿ ಕೊಳ್ಳುವ ಸೋಪಿನ ಮೇಲೆ, ಚಪ್ಪಲಿಯ ಮೇಲೆ ಜಿಎಸ್‌ಟಿ ಇದೆ. ಅವರು ಹತ್ತುವ ಟಂಟಂಗೆ ಹಾಕಿಸುವ ಡೀಸೆಲ್ ಮೇಲೆ ಕೇಂದ್ರದ ತೆರಿಗೆಯೂ ಇದೆ, ರಾಜ್ಯದ ತೆರಿಗೆಯೂ ಇದೆ. 'ತೆರಿಗೆ ಕಟ್ಟೋರು ನಾವು, ತಿನ್ನೋರು ಅವರು' ಎಂದು ಮಾತಾಡುವವರು ಆದಾಯ ತೆರಿಗೆಯೊಂದನ್ನೇ ತೆರಿಗೆ ಅಂದುಕೊಂಡಿರುತ್ತಾರೆ.

ಒಂದು ವೇಳೆ ನಿಮ್ಮ ತಾಯಿ ಒಂದು ಪೈಸೆ ತೆರಿಗೆ ಕಟ್ಟದಿದ್ದರೂ ನನ್ನ ಉತ್ತರ ಬದಲಾಗುತ್ತಿರಲಿಲ್ಲ. ಅವರಿಗೆ ಬರಬೇಕಾದ ಅಕ್ಕಿಯನ್ನು ಕಾನೂನಿನಲ್ಲೇ ಬರೆದಿದ್ದಾರೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಶೇ. 75ರವರೆಗೆ, ಪಟ್ಟಣಗಳಲ್ಲಿ ಶೇ. 50ರವರೆಗೆ ಜನ ಪಡಿತರಕ್ಕೆ ಹಕ್ಕುದಾರರು. ಆದ್ಯತಾ ಕಾರ್ಡಿನವರಿಗೆ, ಅಂದರೆ ನಾವು ಬಿಪಿಎಲ್ ಅನ್ನುವವರಿಗೆ, ತಲೆಗೆ ತಿಂಗಳಿಗೆ 5 ಕೆಜಿ, ತೀರಾ ಬಡವರಾದ ಅಂತ್ಯೋದಯ ಕುಟುಂಬಕ್ಕೆ 35 ಕೆಜಿ. 2023ರ ಜನವರಿಯಿಂದ ಇದು ಉಚಿತ. ದರ ಸೊನ್ನೆಯಾಯಿತು ಅಂತ ಹಕ್ಕು ಭಿಕ್ಷೆಯಾಗುವುದಿಲ್ಲ. ಸರ್ಕಾರಿ ಶಾಲೆಗೆ ಮಗುವನ್ನು ಸೇರಿಸಿದವರನ್ನು ಯಾರಾದರೂ 'ಪುಕ್ಕಟೆ ಓದಿಸುವವರು ಮಾತಾಡಬಾರದು' ಅನ್ನುತ್ತಾರಾ?

ಈ ಹಕ್ಕು ತಾನಾಗಿ ಬಂದದ್ದಲ್ಲ. ಸಂವಿಧಾನ ಬರೆಯುವಾಗಲೇ ಈ ಜಗಳ ಇತ್ತು. ಮಾತು, ಧರ್ಮ, ಸಮಾನತೆಯಂಥವು ಮೂಲಭೂತ ಹಕ್ಕುಗಳಾದವು, ಕೋರ್ಟಿಗೆ ಹೋಗಿ ಕೇಳಬಹುದು. ಆಹಾರ, ಕೆಲಸ, ಆರೋಗ್ಯದಂಥವು ರಾಜ್ಯ ನಿರ್ದೇಶಕ ತತ್ವಗಳ ಪಾಲಾದವು. ಅವನ್ನು ಕೋರ್ಟಿನಲ್ಲಿ ಕೇಳುವಂತಿಲ್ಲ ಎಂದು 37ನೇ ವಿಧಿಯೇ ಹೇಳುತ್ತದೆ. ಸಂವಿಧಾನ ಸಭೆಯಲ್ಲಿ ಸದಸ್ಯ ಕೆ.ಟಿ. ಶಾ ಇದನ್ನು ಚೆನ್ನಾಗಿಯೇ ಹಂಗಿಸಿದರು: ಬ್ಯಾಂಕಿಗೆ ಅನುಕೂಲವಾದಾಗ ಹಣ ಕೊಡುವ ಚೆಕ್ಕು ಇದು ಎಂದರು. ಐವತ್ತು ವರ್ಷ ಹೆಚ್ಚುಕಡಿಮೆ ಹಾಗೇ ನಡೆಯಿತು.

2001ರಲ್ಲಿ ರಾಜಸ್ಥಾನದಲ್ಲಿ ಬರ. ಅದೇ ಹೊತ್ತಿನಲ್ಲಿ ಸರ್ಕಾರಿ ಗೋದಾಮುಗಳಲ್ಲಿ ಧಾನ್ಯ ತುಂಬಿ ತುಳುಕುತ್ತಿತ್ತು, ಕೆಲವು ಕಡೆ ಕೊಳೆಯುತ್ತಿತ್ತು. ನಾಗರಿಕ ಹಕ್ಕುಗಳಿಗಾಗಿ ದುಡಿಯುವ ಪಿಯುಸಿಎಲ್ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. ಬದುಕುವ ಹಕ್ಕು ಎಂದು 21ನೇ ವಿಧಿ ಹೇಳುತ್ತದಲ್ಲ, ಅನ್ನವಿಲ್ಲದೆ ಬದುಕುವುದು ಹೇಗೆ ಎಂಬ ಸರಳ ಪ್ರಶ್ನೆ. ಆ ವರ್ಷ ನವೆಂಬರ್ 28ರಂದು ಕೋರ್ಟು ಮಧ್ಯಂತರ ಆದೇಶ ಕೊಟ್ಟು, ಪಡಿತರ, ಅಂಗನವಾಡಿ, ಶಾಲೆಯ ಬಿಸಿಯೂಟದಂಥ ಎಂಟು ಯೋಜನೆಗಳನ್ನು ಕಾನೂನುಬದ್ಧ ಹಕ್ಕುಗಳನ್ನಾಗಿ ಮಾಡಿತು. ಯೋಜನೆಯಾದರೆ ಮಂತ್ರಿ ಬದಲಾದಾಗ ನಿಲ್ಲಿಸಬಹುದು. ಹಕ್ಕಾದರೆ ನಿಲ್ಲಿಸಲು ಕಾರಣ ಕೊಡಬೇಕು. 2013ರ ಕಾಯ್ದೆಯ ಬೇರು ಈ ಕೇಸಿನಲ್ಲಿದೆ.

ಈಗ ಅಣ್ಣನ ಮಾತು. ಸರ್ಕಾರದ ಕೈ ಉದ್ದವಾದಷ್ಟೂ ಮನುಷ್ಯನ ಸ್ವಾತಂತ್ರ್ಯ ಕಡಿಮೆ ಎನ್ನುವ ವಾದಕ್ಕೆ ದೊಡ್ಡ ದೊಡ್ಡ ವಿದ್ವಾಂಸರ ಬೆಂಬಲ ಇದೆ. ಅರ್ಥಶಾಸ್ತ್ರಜ್ಞ ಹಯೆಕ್ ಅವರಲ್ಲಿ ಮುಖ್ಯರು. ಸರ್ಕಾರ ಆರ್ಥಿಕತೆಯನ್ನು ಯೋಜಿಸಲು ಹೊರಟರೆ ಕೊನೆಗೆ ಗುಲಾಮಗಿರಿಯೇ ಗತಿ ಎಂದು ವಾದಿಸಿದವರು. ಆದರೆ ಅದೇ ಹಯೆಕ್, ಸ್ವಲ್ಪ ಮಟ್ಟಿನ ಸಿರಿವಂತಿಕೆ ಕಂಡ ಸಮಾಜದಲ್ಲಿ ಎಲ್ಲರಿಗೂ ಕನಿಷ್ಠ ಅನ್ನ, ಬಟ್ಟೆ, ಸೂರಿನ ಭರವಸೆ ಕೊಡುವುದಕ್ಕೆ ಅಡ್ಡಿಯಿಲ್ಲ, ಅದರಿಂದ ಸ್ವಾತಂತ್ರ್ಯಕ್ಕೆ ಧಕ್ಕೆಯಿಲ್ಲ ಎಂದು ಒಪ್ಪಿದ್ದರು. ಈ ಭಾಗವನ್ನು ಅವರ ಅಭಿಮಾನಿಗಳು ಯಾಕೋ ಓದಿರುವುದಿಲ್ಲ.

ಅಧಿಕಾರ ಎಲ್ಲಿ ಬೆಳೆಯುತ್ತದೆ ಅನ್ನುವುದಕ್ಕೆ ಅಮೆರಿಕದ ಉದಾಹರಣೆ ಒಳ್ಳೆಯದು. ಅಲ್ಲಿ 1950, 60ರ ದಶಕಗಳಲ್ಲಿ ಬಡ ತಾಯಂದಿರಿಗೆ ಮಕ್ಕಳ ಪೋಷಣೆಗೆಂದು ಸಹಾಯಧನ ಇತ್ತು. ಅನೇಕ ರಾಜ್ಯಗಳಲ್ಲಿ ಒಂದು ಷರತ್ತು: ಮನೆಯಲ್ಲಿ ಗಂಡಸು ಇರಬಾರದು. ಇದ್ದಾನಾ ಎಂದು ನೋಡಲು ಅಧಿಕಾರಿಗಳು ಮಧ್ಯರಾತ್ರಿ ಬಂದು ಬಾಗಿಲು ತಟ್ಟುತ್ತಿದ್ದರು. ಮಂಚದ ಕೆಳಗೆ, ಬೀರುವಿನ ಒಳಗೆ ಹುಡುಕುತ್ತಿದ್ದರು. ಬಾಗಿಲು ತೆಗೆಯದಿದ್ದರೆ ಹಣ ಬಂದ್. ಹೆಚ್ಚಾಗಿ ಕಪ್ಪು ಹೆಂಗಸರೇ ಇದಕ್ಕೆ ಗುರಿ. ಅಲಬಾಮಾ ರಾಜ್ಯದ ಇಂಥ ನಿಯಮವನ್ನು ಅಲ್ಲಿನ ಸುಪ್ರೀಂ ಕೋರ್ಟು 1968ರಲ್ಲಿ ರದ್ದು ಮಾಡಿತು. ಎರಡು ವರ್ಷದ ನಂತರ, 1970ರಲ್ಲಿ, ಗೋಲ್ಡ್‌ಬರ್ಗ್ ವಿರುದ್ಧ ಕೆಲ್ಲಿ ಪ್ರಕರಣದಲ್ಲಿ ಇನ್ನೂ ದೊಡ್ಡ ಮಾತು ಹೇಳಿತು: ಸಹಾಯಧನವನ್ನು ನಿಲ್ಲಿಸುವುದಕ್ಕಿಂತ ಮೊದಲೇ ನೋಟಿಸ್ ಕೊಡಬೇಕು, ಆ ವ್ಯಕ್ತಿಯ ಅಹವಾಲು ಕೇಳಬೇಕು. ನಿಲ್ಲಿಸಿದ ಮೇಲೆ ವಿಚಾರಣೆ ಮಾಡುತ್ತೇವೆ ಅಂದರೆ ಅಷ್ಟರಲ್ಲಿ ಅವರು ಊಟಕ್ಕೇನು ಮಾಡಬೇಕು? ನಿಮ್ಮ ತಾಯಿಯ ಎರಡು ತಿಂಗಳನ್ನು ನೆನೆಸಿಕೊಂಡರೆ ಆ ತೀರ್ಪಿನ ಬೆಲೆ ಗೊತ್ತಾಗುತ್ತದೆ.

ಇದು ಬಡ ದೇಶದ, ಹಳೇ ಕಾಲದ ಸಮಸ್ಯೆ ಅಂದುಕೊಳ್ಳಬೇಡಿ. ನೆದರ್ಲೆಂಡ್ಸ್‌ನಲ್ಲಿ ಮಕ್ಕಳ ಪಾಲನೆಗೆ ಭತ್ಯೆ ಪಡೆಯುತ್ತಿದ್ದ ಸಾವಿರಾರು ಕುಟುಂಬಗಳನ್ನು ಅಲ್ಲಿನ ತೆರಿಗೆ ಇಲಾಖೆ ವಂಚಕರೆಂದು ತಪ್ಪಾಗಿ ಗುರುತಿಸಿತು. ಅರ್ಜಿಯಲ್ಲಿ ಒಂದು ಸಹಿ ಬಿಟ್ಟುಹೋದರೂ ಪೂರ್ತಿ ಹಣ ವಾಪಸ್ ಕಟ್ಟಬೇಕಿತ್ತು. ಎರಡು ದೇಶದ ಪೌರತ್ವ ಇದ್ದವರ ಮೇಲೆ ಅನುಮಾನ ಜಾಸ್ತಿ. ಮನೆ ಮಾರಿದವರು, ಸಾಲದಲ್ಲಿ ಮುಳುಗಿದವರು ಎಷ್ಟೋ ಜನ. ಕೊನೆಗೆ 2021ರ ಜನವರಿಯಲ್ಲಿ ಇಡೀ ಸರ್ಕಾರವೇ ರಾಜೀನಾಮೆ ಕೊಟ್ಟಿತು.

ನಮ್ಮಲ್ಲೇ ನೋಡಿ. 2021ರಲ್ಲಿ ಕೋವಿಡ್ ಲಸಿಕೆ ಹಾಕಿಸಲು ಅಧಿಕಾರಿಗಳು ಒದ್ದಾಡುತ್ತಿದ್ದ ಸಮಯ. ಚಾಮರಾಜನಗರದಲ್ಲಿ ಲಸಿಕೆ ಹಾಕಿಸದಿದ್ದರೆ ರೇಷನ್ ಇಲ್ಲ, ಪಿಂಚಣಿ ಇಲ್ಲ ಎಂದು ಜಿಲ್ಲಾಡಳಿತದಿಂದ ಘೋಷಣೆ ಬಂತು. ಟೀಕೆ ಬಂದಾಗ ಅದು ತನ್ನ ಆದೇಶವಲ್ಲ ಎಂದು ರಾಜ್ಯ ಸರ್ಕಾರ ಹೇಳಿತು. ಲಸಿಕೆ ಒಳ್ಳೆಯದೇ. ನಾನೂ ಹಾಕಿಸಿಕೊಂಡೆ, ಬೇರೆಯವರಿಗೂ ಹಾಕಿಸಿಕೊಳ್ಳಿ ಎಂದೇ ಹೇಳಿದೆ. ಆದರೆ ಈ ಘೋಷಣೆಯಲ್ಲಿ ಯಾರ ಮೇಲೆ ಒತ್ತಡ ಬಿತ್ತು ನೋಡಿ. ಕಾರಿನಲ್ಲಿ ಓಡಾಡುವ, ಸೂಪರ್ ಮಾರ್ಕೆಟ್ಟಿನಲ್ಲಿ ಅಕ್ಕಿ ಕೊಳ್ಳುವವರಿಗೆ ಲಸಿಕೆ ಬೇಡ ಎನ್ನುವ ಸ್ವಾತಂತ್ರ್ಯ ಉಳಿಯಿತು. ರೇಷನ್ ಅಕ್ಕಿಯವರಿಗೆ ಉಳಿಯಲಿಲ್ಲ. ಯಾರನ್ನೂ ಬಲವಂತದಿಂದ ಲಸಿಕೆಗೆ ಒಳಪಡಿಸುವಂತಿಲ್ಲ ಎಂದು 2022ರ ಮೇನಲ್ಲಿ ಸುಪ್ರೀಂ ಕೋರ್ಟು ಹೇಳಿತು.

ನಾನು ಷರತ್ತುಗಳನ್ನು ಅಳೆಯುವುದು ಹೀಗೆ: ಕೇಳುತ್ತಿರುವುದಕ್ಕೂ ಕೊಡುತ್ತಿರುವುದಕ್ಕೂ ಸಂಬಂಧ ಇದೆಯಾ? ಶಕ್ತಿ ಯೋಜನೆಯ ಬಸ್ಸಿನಲ್ಲಿ ಕಂಡಕ್ಟರ್ ಗುರುತಿನ ಚೀಟಿ ಕೇಳುತ್ತಾರೆ. ರಾಜ್ಯದ ಮಹಿಳೆಯರಿಗೆ ಮಾತ್ರ ಇರುವ ಸೌಲಭ್ಯ, ಕೇಳಲಿ, ತಪ್ಪೇನಿಲ್ಲ. ಅಕ್ಕಿ ಕೊಡಲು ಲಸಿಕೆ ಚೀಟಿ, ಪಿಂಚಣಿ ಕೊಡಲು ಶೌಚಾಲಯದ ಫೋಟೊ, ಮನೆ ಮಂಜೂರಾಗಲು ಇಂಥ ಸಭೆಗೆ ಬಂದು ಕೂರಬೇಕು ಅನ್ನುವುದೆಲ್ಲ ಬೇರೆ ಜಾತಿಯವು. ಅಲ್ಲಿ ಬಡತನವನ್ನೇ ಹಗ್ಗ ಮಾಡಿಕೊಂಡು ಮನುಷ್ಯನನ್ನು ಬೇಕಾದ ಕಡೆ ಎಳೆಯುತ್ತಾರೆ. ಅಣ್ಣನ ಭಯಕ್ಕೆ ಕಾರಣಗಳಿವೆ ಎಂದೆನಲ್ಲ, ಇವೇ ಅವು.

ಹೆಬ್ಬೆಟ್ಟಿನ ವಿಷಯಕ್ಕೆ ಬರೋಣ. ಇದರಲ್ಲಿ ಕರ್ನಾಟಕದ ಪಾತ್ರ ದೊಡ್ಡದು. ಆಧಾರ್ ಪ್ರಾಧಿಕಾರದ ಮೊದಲ ಅಧ್ಯಕ್ಷ ಬೆಂಗಳೂರಿನ ನಂದನ್ ನಿಲೇಕಣಿ. ಅದನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರೂ ಬೆಂಗಳೂರಿನಲ್ಲೇ ನೆಲೆಸಿದ್ದವರು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗ ಅವರಿಗೆ 86 ವರ್ಷ. ಆ ವಯಸ್ಸಿನಲ್ಲಿ ಹೆಚ್ಚಿನವರು ಕೋರ್ಟಿನ ಮೆಟ್ಟಿಲು ಹತ್ತುವುದಿರಲಿ, ಮನೆಯ ಮೆಟ್ಟಿಲು ಇಳಿಯಲೂ ಯೋಚಿಸುತ್ತಾರೆ. 2024ರಲ್ಲಿ ತೀರಿಕೊಂಡರು. ದೇಶದ ಕಾನೂನು ವಿದ್ಯಾರ್ಥಿಗಳೆಲ್ಲ ಇವತ್ತು ಅವರ ಹೆಸರಿನ ತೀರ್ಪನ್ನು ಓದುತ್ತಾರೆ. ನಮ್ಮ ಊರುಗಳಲ್ಲಿ ಅವರ ಹೆಸರು ಗೊತ್ತಿರುವವರು ಕಡಿಮೆ, ಅದು ಬೇಜಾರಿನ ಸಂಗತಿ.

ಆ ಕೇಸಿನಲ್ಲಿ ಸರ್ಕಾರದ ವಕೀಲರು ಮಂಡಿಸಿದ ವಾದಗಳಲ್ಲಿ ಒಂದು ನಿಮ್ಮ ಅಂಗಡಿಯವರ ಮಾತಿನ ದೊಡ್ಡಣ್ಣನಂತಿತ್ತು. ಬಡವರಿಗೆ ಬೇಕಿರುವುದು ಅನ್ನ, ಖಾಸಗಿತನ ಅನ್ನುವುದೆಲ್ಲ ಉಳ್ಳವರ ಚಿಂತೆ ಎಂಬ ಅರ್ಥದ ವಾದ ಅದು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟರು. ಬಡವರಿಗೆ ಹೊಟ್ಟೆಯ ಚಿಂತೆಯೊಂದೇ, ನಾಗರಿಕ ಹಕ್ಕುಗಳ ಗೊಡವೆ ಅವರಿಗಿಲ್ಲ ಎಂಬ ಮಾತನ್ನು ಇಟ್ಟುಕೊಂಡೇ ಚರಿತ್ರೆಯಲ್ಲಿ ಘೋರ ದೌರ್ಜನ್ಯಗಳು ನಡೆದಿವೆ ಎಂದು ಆ ತೀರ್ಪಿನಲ್ಲಿ ಹೇಳಿದ್ದಾರೆ. ಅನ್ನ ಬೇಕಾ, ಹಕ್ಕು ಬೇಕಾ ಅನ್ನುವ ಪ್ರಶ್ನೆಯೇ ಮೋಸದ್ದು. ಹಕ್ಕಿಲ್ಲದ ಕಡೆ ಅನ್ನವೂ ಸಮಯಕ್ಕೆ ಬರುವುದಿಲ್ಲ. ಅದಕ್ಕೆ ನಿಮ್ಮ ಪತ್ರವೇ ಸಾಕ್ಷಿ.

ಮಾರನೇ ವರ್ಷ, 2018ರ ಸೆಪ್ಟೆಂಬರ್ 26ರಂದು ಆಧಾರ್ ಬಗ್ಗೆಯೇ ತೀರ್ಪು ಬಂತು. ಐವರಲ್ಲಿ ನಾಲ್ವರು ಆಧಾರ್ ಕಾಯ್ದೆಯನ್ನು ಎತ್ತಿಹಿಡಿದರು, ನ್ಯಾಯಮೂರ್ತಿ ಚಂದ್ರಚೂಡ್ ಒಬ್ಬರೇ ಒಪ್ಪಲಿಲ್ಲ. ಬ್ಯಾಂಕ್ ಖಾತೆಗೆ, ಮೊಬೈಲ್ ಸಿಮ್ಮಿಗೆ ಆಧಾರ್ ಕಡ್ಡಾಯ ಮಾಡುವಂತಿಲ್ಲ ಎಂದು ಬಹುಮತದ ನಾಲ್ವರು ಹೇಳಿದರು. ಸಬ್ಸಿಡಿ, ಪಡಿತರಕ್ಕೆ ಕಡ್ಡಾಯ ಮಾಡಬಹುದು ಎಂದರು. ಅಂದರೆ ಕೊನೆಗೆ ಆಧಾರ್ ಬಿಗಿಯಾಗಿ ಉಳಿದದ್ದು ಯಾರಿಗೆ ಎಂದು ನೀವೇ ಲೆಕ್ಕ ಹಾಕಿ. ಈ ತೀರ್ಪು ಅರ್ಧ ದಾರಿಯಲ್ಲೇ ನಿಂತಿತು ಅನ್ನುವುದು ನನ್ನ ಅಭಿಪ್ರಾಯ. ಆದರೂ ನಿಮಗೆ ಬೇಕಾದ ಒಂದು ವಿಷಯ ಅದರಲ್ಲಿದೆ: ಬೆರಳಚ್ಚು ಹೊಂದಿಕೆಯಾಗಲಿಲ್ಲ ಎಂಬ ಕಾರಣಕ್ಕೆ ಅರ್ಹರಿಗೆ ಸೌಲಭ್ಯ ತಪ್ಪಬಾರದು. ಕೇಂದ್ರ ಸರ್ಕಾರವೂ 2017ರ ಅಕ್ಟೋಬರ್‌ನಲ್ಲೇ ಈ ಬಗ್ಗೆ ಸೂಚನೆ ಕೊಟ್ಟಿತ್ತು. ಬೆರಳು ಬಾರದಿದ್ದರೆ ಒಟಿಪಿ ಅಥವಾ ಬೇರೆ ದಾರಿ ನೋಡಬೇಕು, ಅದೂ ಆಗದಿದ್ದರೆ ಕಾರ್ಡು ನೋಡಿ, ಪುಸ್ತಕದಲ್ಲಿ ಬರೆದುಕೊಂಡು ಅಕ್ಕಿ ಕೊಡಬೇಕು.

ಆ ಸೂಚನೆ ಸುಮ್ನೆ ಬರಲಿಲ್ಲ. ಅದೇ ವರ್ಷ ಜಾರ್ಖಂಡ್‌ನ ಸಿಮ್ಡೇಗಾ ಜಿಲ್ಲೆಯಲ್ಲಿ 11 ವರ್ಷದ ಹುಡುಗಿಯೊಬ್ಬಳು ತೀರಿಕೊಂಡಳು. ಆಧಾರ್ ಜೋಡಣೆಯಾಗಿಲ್ಲ ಎಂದು ಆ ಮನೆಯ ಪಡಿತರ ಚೀಟಿ ರದ್ದಾಗಿತ್ತು. ನಮ್ಮ ಗೋಕರ್ಣದಲ್ಲಿ ಒಂದೇ ಮನೆಯ ಮೂವರು ಅಣ್ಣತಮ್ಮಂದಿರು ಕೆಲವೇ ದಿನಗಳ ಅಂತರದಲ್ಲಿ ಸತ್ತರು. ಆ ಮನೆಗೂ ಪಡಿತರ ನಿಂತಿತ್ತು ಎಂದು ಹಕ್ಕುಗಳ ಸಂಘಟನೆಗಳು ಹೇಳಿದವು. ಎರಡೂ ಕಡೆ ಹಸಿವಿನಿಂದ ಸತ್ತದ್ದಲ್ಲ ಎಂದು ಆಡಳಿತ ವಾದಿಸಿತು. ಸಾವಿನ ಕಾರಣದ ಬಗ್ಗೆ ಜಗಳ ಇರಲಿ. ಅಕ್ಕಿ ಬೇಕಿದ್ದ ಮನೆಗೆ ಅದು ಯಾಕೆ ತಲುಪಲಿಲ್ಲ ಅನ್ನುವ ಪ್ರಶ್ನೆ ಹಾಗೇ ಉಳಿಯಿತಲ್ಲ.

ಗ್ಯಾರಂಟಿಗಳು ಗುಲಾಮರನ್ನು ಮಾಡುತ್ತವಾ? ಖರ್ಚು ಜಾಸ್ತಿಯಾಯಿತಾ, ರಸ್ತೆಗೆ ದುಡ್ಡು ಉಳಿಯುತ್ತದಾ ಅನ್ನುವುದು ನ್ಯಾಯವಾದ ಪ್ರಶ್ನೆಗಳೇ. 2025-26ರ ರಾಜ್ಯ ಬಜೆಟ್ಟಿನಲ್ಲಿ ಐದು ಗ್ಯಾರಂಟಿಗಳಿಗೆ ಸುಮಾರು 51 ಸಾವಿರ ಕೋಟಿ ಇಟ್ಟಿದ್ದಾರೆ, ಸಣ್ಣ ಮೊತ್ತವಲ್ಲ. ಅದನ್ನು ಬಜೆಟ್ಟಿನ ಪ್ರಶ್ನೆಯಾಗಿ ಚರ್ಚಿಸೋಣ. ಸ್ವಾತಂತ್ರ್ಯದ ಪ್ರಶ್ನೆಗೆ ಉತ್ತರ ಬೇಕಿದ್ದರೆ ನಿಮ್ಮ ಅಣ್ಣ ಒಂದು ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡಲಿ. 2023ರ ಜೂನ್‌ಗೆ ಮುಂಚೆ ತವರಿಗೆ ಹೋಗಲು, ಆಸ್ಪತ್ರೆಗೆ ಹೋಗಲು, ದೂರದ ಗಾರ್ಮೆಂಟ್ಸ್ ಕೆಲಸಕ್ಕೆ ಸೇರಲು ಬಸ್ ಚಾರ್ಜಿಗೆಂದು ಗಂಡನನ್ನೋ ಮಗನನ್ನೋ ಕೇಳಬೇಕಿದ್ದ ಹೆಂಗಸರು ಈಗ ಕೇಳದೆ ಹತ್ತುತ್ತಾರೆ. ಮನುಷ್ಯನ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳುವುದು ಸರ್ಕಾರವೊಂದೇ ಅಲ್ಲ. ಗಂಡ, ಜಮೀನ್ದಾರ, ಬಡ್ಡಿ ಸಾಲದವನು, ಮುಂಗಡ ಕೊಟ್ಟ ಮೇಸ್ತ್ರಿ ಎಲ್ಲರೂ ಕಿತ್ತುಕೊಳ್ಳುತ್ತಾರೆ. ಗೃಹಲಕ್ಷ್ಮಿಯ 2,000 ರೂಪಾಯಿ ಯಜಮಾನಿಯ ಖಾತೆಗೇ ಬೀಳುವುದರಿಂದ ಕೆಲವು ಮನೆಗಳಲ್ಲಿ ಮಾತಿನ ಧಾಟಿ ಬದಲಾಗಿದೆ. ಎಲ್ಲ ಮನೆಗಳಲ್ಲಿ ಅಂತ ಹೇಳಲಾರೆ. ಎಟಿಎಂ ಕಾರ್ಡು ಗಂಡನ ಜೇಬಿನಲ್ಲೇ ಇರುವ ಮನೆಗಳೂ ಇವೆ.

ಆದರೆ ಗ್ಯಾರಂಟಿಗಳ ಬಗ್ಗೆ ನನಗೊಂದು ತಕರಾರು ಇದೆ. ಅಕ್ಕಿಯಲ್ಲಿ ಕೇಂದ್ರದ 5 ಕೆಜಿ ಕಾಯ್ದೆಯಲ್ಲಿದೆ. ಶಕ್ತಿ, ಗೃಹಲಕ್ಷ್ಮಿ ನಡೆಯುತ್ತಿರುವುದು ಸರ್ಕಾರಿ ಆದೇಶಗಳ ಮೇಲೆ. ಅನ್ನಭಾಗ್ಯದ ಹೆಚ್ಚುವರಿ 5 ಕೆಜಿಯ ಕಥೆ ನೋಡಿ. 2023ರ ಜುಲೈನಲ್ಲಿ ಅಕ್ಕಿ ಸಿಗಲಿಲ್ಲವೆಂದು ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿದರು, 2025ರಲ್ಲಿ ಮತ್ತೆ ಅಕ್ಕಿ ಕೊಡಲು ಶುರು ಮಾಡಿದರು. ಬದಲಾವಣೆ ಸರಿಯೇ ಇರಬಹುದು. ಆದರೆ ಆದೇಶದ ಮೇಲೆ ನಿಂತದ್ದನ್ನು ಇನ್ನೊಂದು ಆದೇಶ ಬೀಳಿಸಬಹುದು. ಕಂತು ತಡವಾದಾಗ ಕೇಳಲು ನಿಮಗೆ ಕಲಂ ಇಲ್ಲ, ಶಾಸಕರ ಮನೆ ಬಾಗಿಲು ಮಾತ್ರ ಇದೆ. 'ನಾವು ಕೊಟ್ಟಿದ್ದೇವೆ, ನಮಗೇ ಓಟು ಹಾಕಿ' ಅನ್ನುವ ಮಾತು ಹುಟ್ಟುವುದೂ ಇಂಥ ಕಡೆಯೇ. ಚೀಲದ ಮೇಲೆ ಯಾರದೋ ಫೋಟೊ ಅಂಟಿಸಿ ತೆರಿಗೆ ಹಣವನ್ನು ಕೊಡುಗೆಯ ಹಾಗೆ ತೋರಿಸುವುದನ್ನು ಎಲ್ಲ ಪಕ್ಷಗಳೂ ಮಾಡಿವೆ. ಅಣ್ಣನಿಗೆ ಹೋರಾಡುವ ಮನಸ್ಸಿದ್ದರೆ ಇವನ್ನು ನಿಲ್ಲಿಸಿ ಎಂದು ಕೇಳುವುದು ಬೇಡ, ಕಾಯ್ದೆ ಮಾಡಿ ಎಂದು ಕೇಳಲಿ.

ನೀವು ನಾಳೆಯೇ ಮಾಡಬೇಕಾದ ಕೆಲಸ ಹೇಳುತ್ತೇನೆ. ತಾಯಿಯ ಆಧಾರ್‌ಗೆ ಮೊಬೈಲ್ ನಂಬರ್ ಜೋಡಣೆಯಾಗಿದ್ದರೆ ಅಂಗಡಿಯಲ್ಲಿ ಒಟಿಪಿ ಮೂಲಕ ಕೊಡಿ ಎಂದು ಕೇಳಿ. ಆಗಿಲ್ಲದಿದ್ದರೆ ಆಧಾರ್ ಸೇವಾ ಕೇಂದ್ರದಲ್ಲಿ ನಂಬರ್ ಹಾಕಿಸಿ, ಬೆರಳು ಮತ್ತು ಕಣ್ಣು ಎರಡನ್ನೂ ಹೊಸದಾಗಿ ಕೊಡಿಸಿ. ಅಲ್ಲಿಯವರೆಗೆ ಕಾಯುತ್ತ ಕೂರಬೇಡಿ. 1967ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ನಂಬರ್ ಬರೆದಿಟ್ಟುಕೊಳ್ಳಿ. ಒಂದು ಅರ್ಜಿ ಬರೆದು ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಕೊಡಿ, ಇನ್ನೊಂದು ಪ್ರತಿಯನ್ನು ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿಗೆ ಕೊಡಿ. 2013ರ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಆ ಅಧಿಕಾರಿ ಇರಬೇಕು. ಅವರ ಆದೇಶದಿಂದ ಸಮಾಧಾನ ಆಗದಿದ್ದರೆ ರಾಜ್ಯ ಆಹಾರ ಆಯೋಗಕ್ಕೆ ಮೇಲ್ಮನವಿ ಹಾಕಬಹುದು. ಅಧಿಕಾರಿ ಹೇಳಿದ ಪರಿಹಾರವನ್ನು ಕಾರಣವಿಲ್ಲದೆ ಕೊಡದ ಸರ್ಕಾರಿ ನೌಕರರಿಗೆ 5,000 ರೂಪಾಯಿವರೆಗೆ ದಂಡ ಹಾಕಲು ಅವಕಾಶ ಇದೆ.

ಅರ್ಜಿಯಲ್ಲಿ ದಯಮಾಡಿ, ಕೃಪೆಯಿಟ್ಟು ಎಂದೆಲ್ಲ ಬರೆಯಬೇಡಿ. ಕಾರ್ಡ್ ನಂಬರ್, ಅಂಗಡಿ ನಂಬರ್, ಯಾವ ಯಾವ ತಾರೀಕು ಹೋದಿರಿ, ಅಂಗಡಿಯವರು ಏನಂದರು, ಇಷ್ಟು ಸಾಕು. ಟಪಾಲಿನಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ 'ಆಗಲ್ಲಮ್ಮ' ಎಂದು ಕಳಿಸಿದರೆ ಒಪ್ಪಬೇಡಿ. ಯಾಕೆ ಆಗುವುದಿಲ್ಲ ಎಂದು ಹಿಂಬರಹ, ಅಂದರೆ ಬರವಣಿಗೆಯಲ್ಲಿ ಉತ್ತರ, ಕೊಡಿ ಅನ್ನಿ. ನಾನು ಕಂಡ ಹಾಗೆ ಅರ್ಧದಷ್ಟು ಕೆಲಸಗಳು ಹಿಂಬರಹ ಬರೆಯಬೇಕಾದ ಕಷ್ಟಕ್ಕೇ ಆಗಿಬಿಡುತ್ತವೆ. ಹಾಗೇ, ಮುಂದಿನ ತಿಂಗಳಿಂದ ಅಕ್ಕಿ ಕೊಡಿಸುತ್ತೇವೆ ಅಂದರೆ ಅಷ್ಟಕ್ಕೇ ಬಿಡಬೇಡಿ. ಕೊಡಬೇಕಾದ ಧಾನ್ಯ ಕೊಡದಿದ್ದರೆ ಅದರ ಬದಲು ಆಹಾರ ಭದ್ರತಾ ಭತ್ಯೆ ಕೊಡಬೇಕೆಂದು ಕಾಯ್ದೆಯ 8ನೇ ಕಲಂ ಹೇಳುತ್ತದೆ. ಹೋದ ಎರಡು ತಿಂಗಳ ಬಾಕಿಯನ್ನೂ ಅದೇ ಅರ್ಜಿಯಲ್ಲಿ ಕೇಳಿ.